ಸಂವೇಗ ಎಂದರೇನು? ಲೆಕ್ಕದಲ್ಲಿ ಅದನ್ನು ಎಲ್ಲಿ ಬಳಸಬೇಕು?

ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದರೆ ಬರುವುದೇ ಸಂವೇಗ. 2 ಕಿಲೋಗ್ರಾಂ ತೂಗುವ ಬಂಡಿ ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಓಡುತ್ತಿದ್ದರೆ ಅದರ ಸಂವೇಗ 6 ಕಿಗ್ರಾಂ ಮೀ/ಸೆ. ಹೋಂವರ್ಕ್ ಲೆಕ್ಕಗಳು ಹೆಚ್ಚಾಗಿ ತಪ್ಪುವುದು ಇದನ್ನು ಚಲನ ಶಕ್ತಿಯ ಜೊತೆ ಕಲಸಿಬಿಟ್ಟಾಗ. ಅದೇ ಬಂಡಿಯ ಚಲನ ಶಕ್ತಿ, ಅಂದರೆ ದ್ರವ್ಯರಾಶಿ ಮತ್ತು ವೇಗದ ವರ್ಗದ ಗುಣಲಬ್ಧದ ಅರ್ಧ, 9 ಜೂಲ್. ವೇಗ ಇಮ್ಮಡಿಯಾದರೆ ಸಂವೇಗ 12ಕ್ಕೆ ಏರುತ್ತದೆ, ಚಲನ ಶಕ್ತಿ 36ಕ್ಕೆ.

ಈಗ ಅಷ್ಟೇ ಬಲದ ಬ್ರೇಕ್ ಹಾಕಿದರೆ, ನಿಲ್ಲಲು ಎರಡು ಪಟ್ಟು ಸಮಯ ಬೇಕು, ಆದರೆ ನಾಲ್ಕು ಪಟ್ಟು ದೂರ. ಬಲವನ್ನು ಸಮಯದಿಂದ ಗುಣಿಸಿದರೆ ಸಂವೇಗದ ಬದಲಾವಣೆ ಸಿಗುತ್ತದೆ. ಬಲದ ದಿಕ್ಕಿನಲ್ಲಿ ಸಾಗಿದ ದೂರದಿಂದ ಗುಣಿಸಿದರೆ ಕೆಲಸ, ಅಂದರೆ ಶಕ್ತಿಯ ಬದಲಾವಣೆ. ಹಾಗಾಗಿ ಪ್ರಶ್ನೆಯಲ್ಲಿ ಸೆಕೆಂಡು ಕೊಟ್ಟಿದ್ದರೆ ಮೊದಲು ಸಂವೇಗದ ಕಡೆ ನೋಡಿ, ಮೀಟರ್ ಕೊಟ್ಟಿದ್ದರೆ ಕೆಲಸದ ಕಡೆ.

ಸಂವೇಗಕ್ಕೆ ದಿಕ್ಕಿದೆ, ಶಕ್ತಿಗೆ ಇಲ್ಲ. ಅರ್ಧ ಕಿಲೋಗ್ರಾಂ ಚೆಂಡು 4 ಮೀ/ಸೆ ವೇಗದಲ್ಲಿ ಗೋಡೆಗೆ ನೇರವಾಗಿ ಬಡಿದು ಅದೇ ವೇಗದಲ್ಲಿ ಹಿಂದಿರುಗಿತು ಎನ್ನಿ. ಚಲನ ಶಕ್ತಿ ಬದಲಾಗಿಲ್ಲ. ಸಂವೇಗ ಮಾತ್ರ +2ರಿಂದ −2ಕ್ಕೆ ಹೋಗಿದೆ. ಬದಲಾವಣೆಯ ಪರಿಮಾಣ 4, ಸೊನ್ನೆಯಲ್ಲ. ಚೆಂಡು ಗೋಡೆಗೆ ತಾಗಿದ್ದು 0.02 ಸೆಕೆಂಡ್ ಆದರೆ ಸರಾಸರಿ ಬಲ 200 ನ್ಯೂಟನ್. ಲೆಕ್ಕ ಶುರು ಮಾಡುವ ಮುನ್ನವೇ ಯಾವ ದಿಕ್ಕು ಧನ ಎಂದು ಚಿತ್ರದಲ್ಲಿ ಗುರುತು ಹಾಕಿಕೊಳ್ಳಿ. ಈ ಒಂದು ಗೆರೆ ಎಷ್ಟೋ ಅಂಕ ಉಳಿಸುತ್ತದೆ.

ಹೊರಗಿನ ಒಟ್ಟು ಬಲ ಸೊನ್ನೆಯಾಗಿದ್ದಾಗ ವ್ಯವಸ್ಥೆಯ ಸಂವೇಗ ಬದಲಾಗದು. ಡಿಕ್ಕಿ ಕ್ಷಣಮಾತ್ರದಲ್ಲಿ ಮುಗಿಯುವುದರಿಂದ ಆ ಹೊತ್ತಿನಲ್ಲಿ ಘರ್ಷಣೆಯ ಪ್ರಭಾವವನ್ನು ಸಾಮಾನ್ಯವಾಗಿ ಕಡೆಗಣಿಸಬಹುದು. ಚಲನ ಶಕ್ತಿಯೂ ಹಾಗೇ ಉಳಿಯುವುದು ಸ್ಥಿತಿಸ್ಥಾಪಕ ಡಿಕ್ಕಿಯಲ್ಲಿ ಮಾತ್ರ. ಪ್ರಶ್ನೆಯಲ್ಲಿ ‘ಅಂಟಿಕೊಂಡು’, ‘ಒಳಹೊಕ್ಕು’ ಎಂಬ ಮಾತಿದ್ದರೆ ಚಲನ ಶಕ್ತಿಯ ಒಂದಂಶ ಹೋಗಿಯೇ ಹೋಗಿದೆ.

ಇದನ್ನು ಚೆನ್ನಾಗಿ ಪರೀಕ್ಷಿಸುವ ಲೆಕ್ಕವೆಂದರೆ ದಾರದಲ್ಲಿ ತೂಗುಬಿಟ್ಟ ಮರದ ದಿಮ್ಮಿ ಮತ್ತು ಗುಂಡಿನದು. 18ನೇ ಶತಮಾನದಲ್ಲಿ ಇಂಗ್ಲಿಷ್ ಗಣಿತಜ್ಞ ಬೆಂಜಮಿನ್ ರಾಬಿನ್ಸ್ ಬಂದೂಕಿನ ಗುಂಡಿನ ವೇಗ ಅಳೆದದ್ದು ಇದೇ ತತ್ವದಿಂದ. 10 ಗ್ರಾಂ ಗುಂಡು 400 ಮೀ/ಸೆ ವೇಗದಲ್ಲಿ ಬಂದು 1.99 ಕಿಲೋಗ್ರಾಂ ದಿಮ್ಮಿಯೊಳಗೆ ನೆಟ್ಟಿತು. ದಿಮ್ಮಿ ಎಷ್ಟು ಎತ್ತರಕ್ಕೆ ಏರುತ್ತದೆ?

ಇಲ್ಲಿ ಹಂತ ಎರಡು. ಗುಂಡು ನೆಡುವಾಗ ಸಂವೇಗ ಉಳಿಯುತ್ತದೆ: 0.01ನ್ನು 400ರಿಂದ ಗುಣಿಸಿದರೆ 4, ಅದನ್ನು 2 ಕಿಲೋಗ್ರಾಂಗೆ ಹಂಚಿದರೆ 2 ಮೀ/ಸೆ. ಆಮೇಲೆ ದಿಮ್ಮಿ ತೂಗುತ್ತಾ ಮೇಲೇರುವಾಗ ಸಂವೇಗ ಉಳಿಯದು, ಏಕೆಂದರೆ ಗುರುತ್ವ ಮತ್ತು ದಾರದ ಎಳೆತ ಹೊರಗಿನ ಬಲಗಳು. ಆದರೆ ದಾರದ ಎಳೆತ ಚಲನೆಗೆ ಸದಾ ಲಂಬವಾಗಿರುವುದರಿಂದ ಅದು ಕೆಲಸ ಮಾಡುವುದಿಲ್ಲ. ಚಲನ ಶಕ್ತಿ ಪೂರ್ತಿ ಪ್ರಚ್ಛನ್ನ ಶಕ್ತಿ, ಅಂದರೆ ಎತ್ತರದಿಂದ ಬರುವ ಶಕ್ತಿಯಾಗುತ್ತದೆ. ವೇಗದ ವರ್ಗ 4ನ್ನು ಗುರುತ್ವ ವೇಗೋತ್ಕರ್ಷ 9.8ರ ಇಮ್ಮಡಿಯಿಂದ ಭಾಗಿಸಿ: ಸುಮಾರು 0.20 ಮೀಟರ್, ಅಂದರೆ 20 ಸೆಂಟಿಮೀಟರ್.

ನಿಮ್ಮ ಉತ್ತರ ಸುಮಾರು 41 ಮೀಟರ್ ಬಂದಿದ್ದರೆ, ಗುಂಡಿನ 800 ಜೂಲನ್ನು ನೇರವಾಗಿ ಎತ್ತರಕ್ಕೆ ಬದಲಿಸಿದ್ದೀರಿ. ನೆಟ್ಟ ಮೇಲೆ ಉಳಿದ ಚಲನ ಶಕ್ತಿ 4 ಜೂಲ್ ಮಾತ್ರ. ಮಿಕ್ಕ 796 ಜೂಲ್ ಮರವನ್ನು ಸೀಳುವುದರಲ್ಲಿ, ಮುಖ್ಯವಾಗಿ ಶಾಖವಾಗಿ ಹೋಗಿದೆ.