ಬಾಂಡಾದ ಭಾಷೆ ಬಾಂಡಾದಲ್ಲಿಲ್ಲ

ಇಂಡೋನೇಷ್ಯಾದ ಅಂಬೋನ್‌ನಿಂದ ಹೊರಟ ಹಡಗು ಬಾಂಡಾ ದ್ವೀಪಗಳಲ್ಲೊಂದಾದ ಬಾಂಡಾ ನೈರಾ ತಲುಪುವ ಹೊತ್ತಿಗೆ ಕಣ್ಣು ತುಂಬುವುದು ಊರಲ್ಲ, ಊರಿನ ಎದುರಿಗೆ ಕಡಲಿನಿಂದ ನೆಟ್ಟಗೆ ಎದ್ದಿರುವ ಗುನುಂಗ್ ಅಪಿ. ಹೆಸರಿನ ಅರ್ಥವೇ ಬೆಂಕಿಬೆಟ್ಟ. 1988ರಲ್ಲಿ ಅದು ಉಕ್ಕಿದಾಗ ಲಾವಾ ಸಮುದ್ರಕ್ಕೆ ಹರಿಯಿತು. ಆ ಕಲ್ಲಿನ ಮೇಲೆ ಬೆಳೆದ ಹವಳ ನೋಡಲೆಂದೇ ಈಗ ಜನ ನೀರಿಗಿಳಿಯುತ್ತಾರೆ. ಆದರೆ ಈ ದ್ವೀಪಗಳನ್ನು ಬರಿದು ಮಾಡಿದ್ದು ಬೆಂಕಿಬೆಟ್ಟವಲ್ಲ, ಜಾಯಿಕಾಯಿ.

ಮಾಗಿದ ಹಣ್ಣು ತಾನಾಗಿಯೇ ಬಿರಿಯುತ್ತದೆ. ಒಳಗೆ ಹೊಳೆಯುವ ಕಂದು ಬೀಜ, ಅದಕ್ಕೆ ಬಿಗಿದುಕೊಂಡ ಕೆಂಪು ಬಲೆಯಂಥ ಜಾಪತ್ರೆ. ಒಂದೇ ಹಣ್ಣಿನಲ್ಲಿ ಎರಡು ಸಂಬಾರ, ಮತ್ತು ಆಗ ಜಗತ್ತಿಗೆಲ್ಲ ಅದು ಇಲ್ಲಿಂದಲೇ ಹೋಗಬೇಕಿತ್ತು. ಬಾಂಡಾದಲ್ಲಿ ರಾಜರಿರಲಿಲ್ಲ. ಒರಾಂಗ್ ಕಾಯಾ ಎಂಬ ಊರ ಹಿರಿಯರು ಜಾವಾದವರಿಗೂ ಅರಬರಿಗೂ 1512ರಲ್ಲಿ ಬಂದ ಪೋರ್ಚುಗೀಸರಿಗೂ ಸರಕು ಮಾರುತ್ತಿದ್ದರು. ಡಚ್ ಈಸ್ಟ್ ಇಂಡಿಯಾ ಕಂಪನಿಗೆ ಇದು ಸಹಿಸಲಿಲ್ಲ. ತನಗೆ ಮಾತ್ರ ಮಾರಬೇಕೆಂದು ಹಟ ಹಿಡಿಯಿತು. 1609ರಲ್ಲಿ ಮಾತುಕತೆಗೆ ಬಂದ ಅದರ ಅಡ್ಮಿರಲ್‌ನನ್ನು ದ್ವೀಪದವರು ಕೊಂದರು. ಅವನ ನೌಕಾಪಡೆಯಲ್ಲಿ ಕಿರಿಯ ವ್ಯಾಪಾರಿಯಾಗಿ ಬಂದಿದ್ದ ಯಾನ್ ಪೀಟರ್ಸೂನ್ ಕೂನ್, 1621ರಲ್ಲಿ ಗವರ್ನರ್ ಜನರಲ್ ಆಗಿ ದಂಡೆತ್ತಿ ಬಂದ. 44 ಹಿರಿಯರನ್ನು ನಸ್ಸಾವ್ ಕೋಟೆಯ ಬಳಿ ಕೂಡಿಹಾಕಿ, ಬಾಡಿಗೆಯ ಜಪಾನಿ ಸೈನಿಕರಿಂದ ಕಡಿಸಿದ. ಸುಮಾರು 15,000 ಇದ್ದ ಜನಸಂಖ್ಯೆಯಲ್ಲಿ ಉಳಿದವರು ಸಾವಿರದಷ್ಟು ಎಂದು ಅಂದಾಜು.

ಪ್ರವಾಸಿಗರ ಕಿವಿಗೆ ಹೆಚ್ಚು ಬೀಳುವುದು ಇನ್ನೊಂದು ಕಥೆ: 1667ರ ಬ್ರೆಡಾ ಒಪ್ಪಂದದಲ್ಲಿ ಇಂಗ್ಲಿಷರು ಪಕ್ಕದ ರುನ್ ದ್ವೀಪದ ಹಕ್ಕು ಬಿಟ್ಟರು, ಮ್ಯಾನ್‌ಹ್ಯಾಟನ್ ಅವರ ಪಾಲಾಯಿತು. ರಸವತ್ತಾದ ಕಥೆಯೇ. ರುನ್‌ನವರನ್ನು ಕೇಳಿದವರಾರು ಎಂಬುದು ಮಾತ್ರ ಅದರಲ್ಲಿ ಬರುವುದಿಲ್ಲ.

ಕಂಪನಿ ನೆಲವನ್ನು ತುಂಡುತುಂಡಾಗಿ ಡಚ್ಚರಿಗೆ ಹಂಚಿ, ದುಡಿಯಲು ಗುಲಾಮರನ್ನು ತಂದಿತು. ಬೇರೆಲ್ಲೂ ಮೊಳೆಯದಿರಲೆಂದು ಬೀಜಗಳನ್ನು ಸುಣ್ಣದಲ್ಲಿ ಅದ್ದಿ ಕಳುಹಿಸಿತು. ಅದೂ ನಿಲ್ಲಲಿಲ್ಲ: ನೆಪೋಲಿಯನ್ ಕಾಲದ ಯುದ್ಧಗಳಲ್ಲಿ ದ್ವೀಪಗಳನ್ನು ಹಿಡಿದ ಬ್ರಿಟಿಷರು ಸಸಿಗಳನ್ನೇ ಪೆನಾಂಗ್, ಸಿಲೋನ್‌ಗಳಿಗೆ ಸಾಗಿಸಿದರು.

ಎತ್ತರದ ಕೆನಾರಿ ಮರಗಳ ನೆರಳಿನಲ್ಲಿ ಜಾಯಿಕಾಯಿ ಈಗಲೂ ಬೆಳೆಯುತ್ತದೆ. ಕೊಯ್ಯುವವರಲ್ಲಿ ಹೆಚ್ಚಿನವರು ಹೊರಗಿನಿಂದ ಬಂದವರ, ತರಲ್ಪಟ್ಟವರ ಸಂತತಿ. ಅವರು ಆಡುವುದು ಮಲಯ್. ಬಾಂಡಾದ ಹಳೆಯ ಭಾಷೆ ಕೇಳಬೇಕಾದರೆ ಆಗ್ನೇಯಕ್ಕೆ ಮತ್ತೆ ಕಡಲು ದಾಟಿ ‘ಕೈ’ ಎಂಬ ಹೆಸರಿನ ದ್ವೀಪಗಳಿಗೆ ಹೋಗಬೇಕು. 1621ರಲ್ಲಿ ದೋಣಿ ಹತ್ತಿ ತಪ್ಪಿಸಿಕೊಂಡವರ ಮಕ್ಕಳು ಮೊಮ್ಮಕ್ಕಳು ಅಲ್ಲಿ ಬಾಂಡಾ ಎಲಿ, ಬಾಂಡಾ ಎಲಾತ್ ಎಂಬ ಎರಡು ಊರುಗಳಲ್ಲಿ ಅದನ್ನು ಇನ್ನೂ ಆಡುತ್ತಿದ್ದಾರೆ.