28ರಲ್ಲಿ ಮಾತು, 17ರಲ್ಲೂ ಸದ್ದು

ಹ್ಯಾಮ್ ಅಂದರೆ ಲೈಸೆನ್ಸ್ ಪಡೆದ ಹವ್ಯಾಸಿ ರೇಡಿಯೊ ಮಂದಿ. ಅವರು ಬಳಸುವ ಅಗ್ಗದ ರೇಡಿಯೊ ಕಿಟ್‌ಗಳ ಸಿಗ್ನಲ್ ಕೊಳಕು ಅಂತ ಒಂದು ಗುಂಪು. ಐದು–ಹತ್ತು ವಾಟ್‌ಗೆ ಇಷ್ಟು ರಂಪ ಯಾಕೆ ಅಂತ ಇನ್ನೊಂದು. ಈ ಜಗಳ ಹಳೆಯದು. ಸ್ಪಾರ್ಕ್ ಟ್ರಾನ್ಸ್‌ಮಿಟರ್ ಕಾಲದಲ್ಲಿ ಒಬ್ಬರು ಕಿಡಿ ಹಾರಿಸಿದರೆ ಸದ್ದು ಅಗಲಕ್ಕೂ ಹರಡಿ ಸುತ್ತಲಿನವರೆಲ್ಲ ಕಿವಿ ಮುಚ್ಚಿಕೊಳ್ಳಬೇಕಿತ್ತು. ವಾಲ್ವ್ ಬಂದು ಅದು ಹೋಯಿತು. ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ಟಿವಿ ಬಂತು, ಹ್ಯಾಮ್ ಮಾತಾಡಿದರೆ ಪಕ್ಕದ ಮನೆಯ ಚಿತ್ರ ಕದಡಿತು. ಆಮೇಲೆ ಎಸ್‌ಎಸ್‌ಬಿ (ಕಡಿಮೆ ಜಾಗದಲ್ಲಿ ಮಾತು ಕಳಿಸುವ ರೀತಿ), ಟ್ರಾನ್ಸಿಸ್ಟರ್, ಚೀನಾದ ವಾಕಿಟಾಕಿ.

ಸಮಸ್ಯೆ ಮಾತ್ರ ಅದೇ. 7 ಮೆಗಾಹರ್ಟ್ಸ್‌ನಲ್ಲಿ ಮಾತಾಡಿದರೆ 14ರಲ್ಲೂ 21ರಲ್ಲೂ ಅದರ ನೆರಳು ಬೀಳುತ್ತದೆ. ಇವೇ ಹಾರ್ಮೋನಿಕ್. ಅಮೆರಿಕದ ನಿಯಮದಂತೆ 2003ರ ನಂತರದ ಶಾರ್ಟ್‌ವೇವ್ ಹ್ಯಾಮ್ ಟ್ರಾನ್ಸ್‌ಮಿಟರ್‌ಗಳಲ್ಲಿ ಇಂಥ ಕಸ ಮೂಲ ಸಿಗ್ನಲ್‌ಗಿಂತ 43 ಡಿಬಿ (ಡೆಸಿಬೆಲ್) ಕೆಳಗಿರಬೇಕು, ಅಂದರೆ ಸುಮಾರು ಇಪ್ಪತ್ತು ಸಾವಿರದಲ್ಲಿ ಒಂದು ಪಾಲು. ಹತ್ತು ವಾಟ್ ರೇಡಿಯೊಗೆ ಅರ್ಧ ಮಿಲಿವಾಟ್, ಅಷ್ಟೇ.

ಈ ಚರ್ಚೆ ಮತ್ತೆ ಕಾವೇರಿದ್ದು ಹೈದರಾಬಾದ್‌ನ ಒಂದು ಕಿಟ್‌ನಿಂದ. ಅಲ್ಲಿನ ಅಶ್‌ಹರ್ ಫರ್ಹಾನ್ ವಿನ್ಯಾಸ ಮಾಡಿದ ಬಿಟೆಕ್ಸ್ ಅನ್ನುವ ರೇಡಿಯೊ ಮೊದಲೇ ಹೆಸರು ಮಾಡಿತ್ತು. 2017ರ ಕೊನೆಗೆ ಮೈಕ್ರೋಬಿಟೆಕ್ಸ್ ಬಂತು. ನೂರು ಡಾಲರ್ ಆಸುಪಾಸಿಗೆ 3ರಿಂದ 30 ಮೆಗಾಹರ್ಟ್ಸ್ ತನಕ ಎಲ್ಲ ಬ್ಯಾಂಡು! ಜನ ಮುಗಿಬಿದ್ದರು. 2018ರಲ್ಲಿ ಕೆಲವರು ಅದನ್ನು ಸ್ಪೆಕ್ಟ್ರಮ್ ಅನಲೈಜರ್‌ಗೆ (ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಸಿಗ್ನಲ್ ಅಂತ ತೋರಿಸುವ ಉಪಕರಣ) ಕೊಟ್ಟು ನೋಡಿದರು. ಎರಡು ತೊಂದರೆ ಕಂಡವು.

ಒಂದು, ರಿಲೇ, ಅಂದರೆ ವಿದ್ಯುತ್ತಿನಿಂದ ನಡೆಯುವ ಸ್ವಿಚ್. ಮೇಲಿನ ಫ್ರೀಕ್ವೆನ್ಸಿ ತಡೆದು ಕೆಳಗಿನದನ್ನು ಬಿಡುವ ಲೋ ಪಾಸ್ ಫಿಲ್ಟರ್‌ಗೆ ಹೋಗುವ ದಾರಿ, ಬರುವ ದಾರಿ ಎರಡೂ ಒಂದೇ ರಿಲೇ ಒಳಗಿದ್ದವು. ಹಾರ್ಮೋನಿಕ್‌ಗಳು ಫಿಲ್ಟರ್‌ನ ಗೊಡವೆಗೇ ಹೋಗದೆ ರಿಲೇ ಒಳಗಿಂದ ಆಚೆ ಹಾರುತ್ತಿದ್ದವು. ಬಾಗಿಲಿಗೆ ಚಿಲಕ ಹಾಕಿ ಕಿಟಕಿ ತೆರೆದಿಟ್ಟ ಹಾಗೆ.

ಇನ್ನೊಂದು ಸ್ವಲ್ಪ ತಮಾಷೆಯದು. ಈ ರೇಡಿಯೊದ ಒಳಗೆ ಸಿಗ್ನಲ್ ಮೊದಲು 45 ಮೆಗಾಹರ್ಟ್ಸ್‌ಗೆ ಏರುತ್ತದೆ. ಅಲ್ಲಿನ ಆಂಪ್ಲಿಫೈಯರ್ ಸುಮ್ನೆ 90 ಅನ್ನೂ ಹುಟ್ಟಿಸುತ್ತದೆ. 28ರಲ್ಲಿ ಮಾತಾಡುವಾಗ ಆಸಿಲೇಟರ್ (ಒಳಗೇ ಫ್ರೀಕ್ವೆನ್ಸಿ ಹುಟ್ಟಿಸುವ ಭಾಗ) 73ರಲ್ಲಿ ಇರುತ್ತದೆ, 73ರಲ್ಲಿ 45 ಕಳೆದೇ 28 ಬರುವುದು. ಬೇಡದ 90 ಕೂಡ ಹಾಗೇ ಅದರ ಜೊತೆ ಬೆರೆಯುತ್ತದೆ: 90ರಲ್ಲಿ 73 ಕಳೆಯಿರಿ, 17. ಲೋ ಪಾಸ್ ಫಿಲ್ಟರ್ ತಡೆಯುವುದು ಮೇಲಿನದನ್ನು. 17 ಕೆಳಗಿದೆ, ಆರಾಮಾಗಿ ಆಂಟೆನಾ ಸೇರುತ್ತದೆ. 7ರಲ್ಲಿ ಈ ಕಾಟವಿಲ್ಲ. ಆಗ ಆಸಿಲೇಟರ್ 52ರಲ್ಲಿದ್ದು ಸ್ಪರ್ (ಈ ಬೇಡದ ಸಿಗ್ನಲ್) 38ಕ್ಕೆ ಬರುತ್ತದೆ, ಫಿಲ್ಟರ್‌ಗೆ ಸಿಕ್ಕಿಬೀಳುತ್ತದೆ.

ಯಾರ ಮೇಲೂ ಗೂಬೆ ಕೂರಿಸುವಂಥದ್ದಲ್ಲ ಇದು. ಸರ್ಕ್ಯೂಟ್ ಎಲ್ಲರ ಮುಂದೆ ತೆರೆದಿತ್ತು, ಅದಕ್ಕೇ ತಪ್ಪೂ ಬೇಗ ಸಿಕ್ಕಿತು. ಬಳಕೆದಾರರೇ ರಿಲೇ ಬದಲಿಸಿದರು, ಫಿಲ್ಟರ್ ಸೇರಿಸಿದರು. ನಂತರದ 5ನೇ ಆವೃತ್ತಿಯಲ್ಲಿ ಬೋರ್ಡನ್ನೇ ತಿದ್ದಲಾಯಿತು. ಮುಚ್ಚಿದ ಡಬ್ಬದ ಸೆಟ್‌ಗಳಿಗೆ ಈ ಭಾಗ್ಯ ಕಡಿಮೆ, ಅಲ್ವಾ? 'ಪವರ್ ಕಡಿಮೆ, ಬಿಡಿ' ಅನ್ನುವ ಮಾತೂ ನಿಲ್ಲುವುದಿಲ್ಲ. ಗಾಳಿಗೆ ಬಿಟ್ಟ ಸಿಗ್ನಲ್‌ನ ಹೊಣೆ ಲೈಸೆನ್ಸ್ ಇದ್ದವರದೇ.

ಹಳೆಯ ಬೋರ್ಡುಗಳು ಸೆಕೆಂಡ್ ಹ್ಯಾಂಡ್‌ನಲ್ಲಿ ಇನ್ನೂ ಕೈ ಬದಲಾಗುತ್ತವೆ. ಪರೀಕ್ಷಿಸಲು ಟೈನಿಎಸ್‌ಎ ತರಹದ ಅಂಗೈ ಅನಲೈಜರ್ ಸಾಕು. ನೇರ ಜೋಡಿಸಬೇಡಿ, ಹತ್ತು ವಾಟ್‌ಗೆ ಅದು ಸುಟ್ಟುಹೋಗುತ್ತದೆ. ನಡುವೆ ಆ ಪವರ್ ತಾಳಿಕೊಳ್ಳುವ 40 ಡಿಬಿ ಅಟೆನ್ಯುಯೇಟರ್ (ಸಿಗ್ನಲ್ ತಗ್ಗಿಸುವ ಭಾಗ) ಇರಲಿ.