ಜಾರದ ಪ್ರೊಪೆಲ್ಲರ್ ದೋಣಿಯನ್ನು ದೂಡದು

ಸಣ್ಣ ಮೋಟಾರು ದೋಣಿ ಇಟ್ಟುಕೊಂಡವರಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಬೇರೂರಿದೆ: ಪಿಚ್, ಅಂದರೆ ಪ್ರೊಪೆಲ್ಲರ್ ಒಂದು ಸುತ್ತಿಗೆ ಲೆಕ್ಕದಲ್ಲಿ ಸಾಗುವ ದೂರ, ದೊಡ್ಡದಾದಷ್ಟೂ ವೇಗ ಹೆಚ್ಚು. ಹಾಗೆಂದುಕೊಂಡು 17 ಇಂಚು ಪಿಚ್‌ನ ಪ್ರೊಪೆಲ್ಲರ್ ಬಿಚ್ಚಿ 21ರದ್ದನ್ನು ಹಾಕುತ್ತಾರೆ. ದೋಣಿ ನೀರಿನ ಮೇಲೆ ಏಳಲು ತಿಣುಕುತ್ತದೆ, ಎಂಜಿನ್ ಗೊರಗುಡುತ್ತದೆ, ವೇಗ ಮೊದಲಿಗಿಂತ ಕಡಿಮೆಯಾಗುತ್ತದೆ. ಆಮೇಲೆ ದೂರೆಲ್ಲ ಎಂಜಿನ್ನಿನ ತಲೆಗೆ. ಈ ತಪ್ಪಿನ ಬೇರು ಇರುವುದು ಪ್ರೊಪೆಲ್ಲರ್ ಹೇಗೆ ಕೆಲಸ ಮಾಡುತ್ತದೆ ಎಂಬ ಕಲ್ಪನೆಯಲ್ಲೇ.

ಪ್ರೊಪೆಲ್ಲರ್‌ನ ನಡುಭಾಗವಾದ ಹಬ್ ಮೇಲೆ 13¼ × 17 ಎಂದು ಒತ್ತಿದ್ದರೆ ಮೊದಲನೆಯದು ವ್ಯಾಸ, ಎರಡನೆಯದು ಪಿಚ್, ಎರಡೂ ಇಂಚುಗಳಲ್ಲಿ. ಪ್ರೊಪೆಲ್ಲರ್ ಮರದೊಳಗೆ ಇಳಿಯುವ ತಿರುಪು ಮೊಳೆಯಂತೆ ಚೂರೂ ಜಾರದೆ ಸಾಗಿದರೆ ಒಂದು ಸುತ್ತಿಗೆ 17 ಇಂಚು ಮುಂದೆ ಹೋಗುತ್ತದೆ. ಜನರ ಮನಸ್ಸಿನಲ್ಲಿ ಕೂತಿರುವುದು ಈ ತಿರುಪು ಮೊಳೆಯೇ. ಪ್ರೊಪೆಲ್ಲರನ್ನು ಕಟ್ಟಿದವರ ಮನಸ್ಸಿನಲ್ಲೂ ಮೊದಲು ಅದೇ ಇತ್ತು. ಇಂಗ್ಲೆಂಡಿನ ಫ್ರಾನ್ಸಿಸ್ ಪೆಟಿಟ್ ಸ್ಮಿತ್ 1836ರಲ್ಲಿ ಪೇಟೆಂಟ್ ಪಡೆದು, ಎರಡು ಪೂರ್ತಿ ಸುತ್ತುಗಳಿದ್ದ ಉದ್ದನೆಯ ಮರದ ತಿರುಪನ್ನು ಸಣ್ಣ ದೋಣಿಗೆ ಜೋಡಿಸಿದ. 1837ರಲ್ಲಿ ಕಾಲುವೆಯಲ್ಲಿ ಪರೀಕ್ಷೆ ನಡೆಯುತ್ತಿದ್ದಾಗ ಏನೋ ಬಡಿದು ತಿರುಪು ಅರ್ಧಕ್ಕೆ ಮುರಿಯಿತು. ಉಳಿದ ತುಂಡಿನಲ್ಲೇ ದೋಣಿ ಮೊದಲಿಗಿಂತ ಜೋರಾಗಿ ಓಡಿತು! ನೀರನ್ನು ಕೊರೆಯುವುದೇ ಅದರ ಕೆಲಸವಾಗಿದ್ದರೆ ಉದ್ದದ ತಿರುಪೇ ಗೆಲ್ಲಬೇಕಿತ್ತು. ಉದ್ದದ ಮರವೆಲ್ಲ ನೀರಿನ ಘರ್ಷಣೆಗೆ ಸಿಕ್ಕಿ ಎಂಜಿನ್ನಿನ ಶಕ್ತಿಯನ್ನು ತಿನ್ನುತ್ತಿತ್ತು, ಅಷ್ಟೇ.

ನೀರು ಮರವಲ್ಲ, ಹಿಡಿತಕ್ಕೆ ಸಿಗುವುದಿಲ್ಲ. ಹುಟ್ಟು ಹಾಕುವವರನ್ನು ಗಮನಿಸಿ: ಹುಟ್ಟು ನೀರಿನಲ್ಲಿ ಹಿಂದಕ್ಕೆ ಸರಿದಾಗ ಮಾತ್ರ ದೋಣಿ ಮುಂದೆ ಹೋಗುತ್ತದೆ. ಮರಳಿನ ಮೇಲೆ ಓಡುವವನ ಕಾಲು ಪ್ರತಿ ಹೆಜ್ಜೆಗೂ ಒಂದಿಷ್ಟು ಮರಳನ್ನು ಹಿಂದಕ್ಕೆ ಒದೆಯುತ್ತದೆ. ಗಾಳಿಪಟ ಗಾಳಿಗೆ ಸ್ವಲ್ಪ ಓರೆಯಾಗಿ ನಿಂತರೆ ಮೇಲೇರುತ್ತದೆ, ಗಾಳಿಯ ದಿಕ್ಕಿಗೆ ಸರಿಯಾಗಿ ಮಲಗಿದರೆ ಬೀಳುತ್ತದೆ. ಪ್ರೊಪೆಲ್ಲರ್‌ನ ರೆಕ್ಕೆಯೂ ಎದುರು ಬರುವ ನೀರಿಗೆ ತುಸು ಓರೆಯಾಗಿರಲೇಬೇಕು. ಆ ಓರೆಯನ್ನು ಕೊಡುವುದೇ ಸ್ಲಿಪ್, ಅಂದರೆ ಲೆಕ್ಕದ ವೇಗಕ್ಕೂ ನಿಜವಾದ ವೇಗಕ್ಕೂ ನಡುವಿನ ವ್ಯತ್ಯಾಸ.

ಅಂಕಿಗಳಲ್ಲಿ ನೋಡೋಣ. ಎಂಜಿನ್ 5,500 ಆರ್‌ಪಿಎಂ (ನಿಮಿಷಕ್ಕೆ ಸುತ್ತು), ಗೇರ್ ಅನುಪಾತ 2 (ಎಂಜಿನ್ ಎರಡು ಸುತ್ತಿದಾಗ ಪ್ರೊಪೆಲ್ಲರ್ ಒಂದು ಸುತ್ತು), ಪಿಚ್ 17 ಎಂದುಕೊಳ್ಳಿ. ಆರ್‌ಪಿಎಂ ಅನ್ನು ಪಿಚ್‌ನಿಂದಲೂ 0.001524ರಿಂದಲೂ ಗುಣಿಸಿ, ಗೇರ್ ಅನುಪಾತದಿಂದ ಭಾಗಿಸಿದರೆ ಗಂಟೆಗೆ ಕಿಲೋಮೀಟರ್ ಸಿಗುತ್ತದೆ: ಸುಮಾರು 71. ಜಿಪಿಎಸ್ ತೋರಿಸುವುದು 61 ಆದರೆ ಸ್ಲಿಪ್ 14 ಶೇಕಡಾ, ಅಂದರೆ ಸುತ್ತಿಗೆ 17ರ ಬದಲು 14.5 ಇಂಚಿನಷ್ಟು ಮುನ್ನಡೆ. ಈಗ ರೆಕ್ಕೆಯ ಒಂದು ಬಿಂದುವಿಗೆ ಬನ್ನಿ, ಕೇಂದ್ರದಿಂದ ತುದಿಯ ಕಡೆಗೆ ಹತ್ತರಲ್ಲಿ ಏಳು ಪಾಲು ದೂರದಲ್ಲಿ. ಅದು ಒಂದು ಸುತ್ತಿಗೆ ಸುಮಾರು 29 ಇಂಚಿನ ವೃತ್ತ ಹಾಕುತ್ತದೆ. ಅಲ್ಲಿ ರೆಕ್ಕೆಯನ್ನು ತಿರುಚಿರುವ ಕೋನ 30 ಡಿಗ್ರಿ. ದೋಣಿಯೂ ಮುಂದೆ ಹೋಗುತ್ತಿರುವುದರಿಂದ ನೀರು ಎದುರಾಗುವ ಕೋನ 26.5 ಡಿಗ್ರಿ. ಉಳಿದ ವ್ಯತ್ಯಾಸ ಹತ್ತಿರ ಹತ್ತಿರ 4 ಡಿಗ್ರಿ. ಇಡೀ ದೋಣಿಯನ್ನು, ಕೂತವರನ್ನು, ತುಂಬಿದ ಇಂಧನವನ್ನು ದೂಡುತ್ತಿರುವುದು ಈ 4 ಡಿಗ್ರಿಯ ಓರೆ! ಸ್ಲಿಪ್ ಸೊನ್ನೆಯಾದರೆ, ರೆಕ್ಕೆಯ ಉಬ್ಬಿನಿಂದ ಬರುವ ಅಲ್ಪ ಬಲವನ್ನು ಬಿಟ್ಟರೆ, ತಳ್ಳುವ ಬಲವೇ ಇರುವುದಿಲ್ಲ. ಆದ್ದರಿಂದ ಸ್ಲಿಪ್ಪನ್ನು ಪೂರ್ತಿ ಅಳಿಸಿಹಾಕಬೇಕೆಂಬ ಹಟ ಬೇಡ. ನೀರಿನ ಮೇಲೆ ಎದ್ದು ಜಾರುವ ಸಣ್ಣ ದೋಣಿಗಳಲ್ಲಿ 10ರಿಂದ 20 ಶೇಕಡಾ ಸಹಜ. 25 ದಾಟಿದರೆ ಏನೋ ಕೆಟ್ಟಿದೆ. ಲೆಕ್ಕದಲ್ಲಿ ಸ್ಲಿಪ್ ಸೊನ್ನೆಗಿಂತ ಕೆಳಗೆ ಬಂದರೆ ಆರ್‌ಪಿಎಂ ತೋರಿಸುವ ಟ್ಯಾಕೋಮೀಟರ್ ಸುಳ್ಳು ಹೇಳುತ್ತಿರಬಹುದು, ಅಥವಾ ಹಬ್ ಮೇಲಿನ ಪಿಚ್ ರೆಕ್ಕೆಯಲ್ಲಿಲ್ಲದಿರಬಹುದು.

ಹಾಗಾದರೆ ಪಿಚ್ ಆರಿಸುವುದು ಹೇಗೆ? ಪಿಚ್ ಎಂದರೆ ಸೈಕಲ್ಲಿನ ಗೇರ್. ದೊಡ್ಡ ಗೇರ್ ಹಾಕಿ ದಿಣ್ಣೆ ಹತ್ತುವವನಿಗೆ ಪೆಡಲ್ ತಿರುಗಿಸುವುದೇ ಕಷ್ಟ, ಕಾಲಿನ ಶಕ್ತಿಯೆಲ್ಲ ಹೊರಗೆ ಬರುವುದಿಲ್ಲ. ಎಂಜಿನ್ ತನ್ನ ಪೂರ್ಣ ಅಶ್ವಶಕ್ತಿ ಕೊಡುವುದು ಪೂರ್ಣ ಥ್ರಾಟಲ್ ವ್ಯಾಪ್ತಿಯ ಮೇಲ್ಭಾಗದಲ್ಲಿ. ಆ ವ್ಯಾಪ್ತಿ ಎಂಜಿನ್ನಿನ ಕೈಪಿಡಿಯಲ್ಲಿದೆ, ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ ಹಲವು ಫೋರ್ ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್‌ಗಳಿಗೆ 5,000ದಿಂದ 6,000 ಆರ್‌ಪಿಎಂ. ಮಾಮೂಲಿ ಹೊರೆಯಲ್ಲಿ ಎಂಜಿನ್ ಅದರ ಮೇಲಿನ ಅರ್ಧಕ್ಕೆ ತಲುಪಬೇಕು. ವೇಗವೇ ಗುರಿಯಾದರೆ 5,600ರಿಂದ 5,900ರ ಆಸುಪಾಸು. ಪ್ರೊಪೆಲ್ಲರ್ ಕೊಳ್ಳುವ ಮುನ್ನ ನೋಡಬೇಕಾದ ಮೊದಲ ಸಂಖ್ಯೆ ಇದು, ಸ್ಪೀಡೋಮೀಟರ್ ಆಮೇಲೆ.

ಸಾಮಾನ್ಯ ಹೊರೆಯೊಂದಿಗೆ, ಅರ್ಧ ಟ್ಯಾಂಕ್ ಇಂಧನದೊಂದಿಗೆ, ಶಾಂತ ನೀರಿನಲ್ಲಿ ಪೂರ್ಣ ಥ್ರಾಟಲ್ ಕೊಡಿ. ಎಂಜಿನ್ನನ್ನು ನಿಧಾನವಾಗಿ ಹೊರಕ್ಕೆ ಟ್ರಿಮ್ ಮಾಡುತ್ತ (ಅಂದರೆ ಅದರ ಕೆಳತುದಿಯನ್ನು ದೋಣಿಯಿಂದ ಆಚೆಗೆ ಓರೆ ಮಾಡುತ್ತ), ವೇಗ ಇನ್ನು ಏರುವುದಿಲ್ಲ ಎನ್ನುವಲ್ಲಿ ನಿಲ್ಲಿಸಿ ಆರ್‌ಪಿಎಂ ಮತ್ತು ಜಿಪಿಎಸ್ ವೇಗ ಬರೆದುಕೊಳ್ಳಿ. ಅದೇ ದಾರಿಯಲ್ಲಿ ತಿರುಗಿ ಬಂದು ಇನ್ನೊಮ್ಮೆ ಬರೆದುಕೊಂಡು ಸರಾಸರಿ ತೆಗೆಯಿರಿ. ಇಲ್ಲದಿದ್ದರೆ ಗಾಳಿ ಮತ್ತು ಸೆಳವು ಲೆಕ್ಕ ಕೆಡಿಸುತ್ತವೆ. ಎಂಜಿನ್ ಮಿತಿ ದಾಟಿ ಆರ್‌ಪಿಎಂ ತಡೆಯುವ ರೆವ್ ಲಿಮಿಟರ್‌ಗೆ ಬಡಿಯುತ್ತಿದ್ದರೆ ಪಿಚ್ ಹೆಚ್ಚಿಸಿ, ವೇಗ ಖಂಡಿತ ಸಿಗುವುದು ಈ ಸಂದರ್ಭದಲ್ಲೇ. 5,000ದ ಹತ್ತಿರ ಏದುಸಿರು ಬಿಡುತ್ತಿದ್ದರೆ ಪಿಚ್ ಇಳಿಸಿ. ಇಲ್ಲಿ ಗರಿಷ್ಠ ವೇಗ ಸ್ವಲ್ಪವೇ ಬದಲಾಗಬಹುದು, ಆದರೆ ಎದ್ದು ಹೊರಡುವ ಚುರುಕು ತಕ್ಷಣ ಗೊತ್ತಾಗುತ್ತದೆ, ಪಿಸ್ಟನ್ನುಗಳೂ ಉಳಿಯುತ್ತವೆ. ಕಡಿಮೆ ಆರ್‌ಪಿಎಂನಲ್ಲಿ ಪೂರ್ಣ ಥ್ರಾಟಲ್ ಹೊತ್ತು ದುಡಿಯುವ ಎಂಜಿನ್ನಿನಲ್ಲಿ ಮಸಿ ಕಟ್ಟುತ್ತದೆ, ಇಂಧನ ಅಕಾಲದಲ್ಲಿ ಸಿಡಿದು ಪಿಸ್ಟನ್ ತಲೆ ತೂತಾಗುವವರೆಗೂ ಹೋಗಬಹುದು.

ಪಿಚ್ ಒಂದು ಇಂಚು ಬದಲಾದರೆ ಸುಮಾರು 150ರಿಂದ 200 ಆರ್‌ಪಿಎಂ ವ್ಯತ್ಯಾಸ ಎಂಬ ಅಂದಾಜು ಒಂದೆರಡು ಹೆಜ್ಜೆಗೆ ಸಾಕು. ಆಚೆಗೆ ಅದನ್ನು ನಂಬಬೇಡಿ, ಪಿಚ್ಚನ್ನೂ ಆರ್‌ಪಿಎಂ ಅನ್ನೂ ಗುಣಿಸಿ ನೋಡಿ. 17ರಲ್ಲಿ 5,800 ಬರುತ್ತಿದ್ದ ಎಂಜಿನ್, 19ರಲ್ಲಿ 5,190ಕ್ಕಿಂತ ಕೆಳಗಿಳಿದರೆ ದೊಡ್ಡ ಪಿಚ್‌ನಿಂದ ಸಿಕ್ಕಿದ್ದೇನೂ ಇಲ್ಲ, ಕಳೆದುಕೊಂಡಿದ್ದೇ ಹೆಚ್ಚು.

ವ್ಯಾಸವನ್ನು ಸುಮ್ಮನೆ ಬದಲಿಸಲು ಹೋಗಬೇಡಿ. ಒಂದೇ ಆರ್‌ಪಿಎಂನಲ್ಲಿ ಪ್ರೊಪೆಲ್ಲರ್ ಬೇಡುವ ಶಕ್ತಿ ಸರಿಸುಮಾರು ವ್ಯಾಸದ ಐದನೇ ಘಾತದಂತೆ ಏರುತ್ತದೆ. ನಾಲ್ಕು ರೆಕ್ಕೆಯದ್ದು ತಿರುವಿನಲ್ಲಿ ಹಿಡಿತ ಬಿಡುವುದಿಲ್ಲ, ತುಸು ವೇಗ ಕಳೆಯುತ್ತದೆ. ಮೂರರಿಂದ ನಾಲ್ಕಕ್ಕೆ ಹೋಗುವಾಗ ಪಿಚ್ ಒಂದು ಇಂಚು ಇಳಿಸುವುದು ರೂಢಿ. ಸ್ಟೇನ್‌ಲೆಸ್ ಸ್ಟೀಲಿನ ರೆಕ್ಕೆ ತೆಳ್ಳಗಿದ್ದೂ ಬಾಗುವುದಿಲ್ಲ, ಅಲ್ಯೂಮಿನಿಯಂ ಹೊರೆಗೆ ಬಾಗುತ್ತದೆ. ವೇಗ ಬೇಕೆಂದರೆ ಸ್ಟೀಲಿಗೆ ಹಣ ಹಾಕುವುದು ಸಾರ್ಥಕ, ಕಲ್ಲು ತುಂಬಿದ ಆಳವಿಲ್ಲದ ನೀರಾದರೆ ಅಲ್ಯೂಮಿನಿಯಂ ಇರಲಿ, ಬಡಿತ ಬಿದ್ದಾಗ ಬಾಗುವುದು ರೆಕ್ಕೆಯಾಗಲಿ, ಶಾಫ್ಟ್ ಆಗುವುದು ಬೇಡ.

ಇನ್ನೊಂದು ಗೊಂದಲ ಬಹಳ ಹಳೆಯದು. ತಿರುವಿನಲ್ಲಿ ಎಂಜಿನ್ ಇದ್ದಕ್ಕಿದ್ದಂತೆ ಕಿರುಚಿ ವೇಗ ಬಿದ್ದರೆ ಎಲ್ಲರೂ ಕ್ಯಾವಿಟೇಶನ್ ಎನ್ನುತ್ತಾರೆ. ಬಹುಪಾಲು ಅದು ವೆಂಟಿಲೇಶನ್: ಮೇಲ್ಮೈಯ ಗಾಳಿ ಅಥವಾ ಎಂಜಿನ್ನಿನ ಹೊಗೆ ರೆಕ್ಕೆಗೆ ಎಳೆದುಕೊಂಡು ಬಂದಿರುತ್ತದೆ. ಕ್ಯಾವಿಟೇಶನ್ ಎಂದರೆ ನೀರೇ ಕುದಿಯುವುದು. ನಮ್ಮ 13¼ ಇಂಚಿನ ಪ್ರೊಪೆಲ್ಲರ್‌ನ ತುದಿ ನಿಮಿಷಕ್ಕೆ 2,750 ಸುತ್ತಿನಲ್ಲಿ ಗಂಟೆಗೆ 174 ಕಿಲೋಮೀಟರ್ ವೇಗದಲ್ಲಿ ತಿರುಗುತ್ತದೆ. ರೆಕ್ಕೆಯ ಬೆನ್ನಿನ ಮೇಲೆ ಒತ್ತಡ ಕುಸಿದು ವಾತಾವರಣದ ಒತ್ತಡದ ಸುಮಾರು ಮೂವತ್ತನೇ ಒಂದಕ್ಕೆ ಇಳಿದರೆ, 25 ಡಿಗ್ರಿ ತಾಪದ ನೀರೂ ಅಲ್ಲೇ ಆವಿಯಾಗುತ್ತದೆ. ಆ ಗುಳ್ಳೆಗಳು ಒಡೆಯುವ ಹೊಡೆತಕ್ಕೆ ಲೋಹದಲ್ಲಿ ಸಣ್ಣ ಸಣ್ಣ ಗುಂಡಿ ಬೀಳುತ್ತವೆ. ಉಗಿ ಟರ್ಬೈನ್ ರೂಪಿಸಿದ ಚಾರ್ಲ್ಸ್ ಪಾರ್ಸನ್ಸ್ 1894ರಲ್ಲಿ ನೀರಿಗಿಳಿಸಿದ ಟರ್ಬೀನಿಯಾ ಹಡಗು ಮೊದಲು ಸೋತದ್ದು ಇದರಿಂದಲೇ. ಆತ ಗಾಜಿನ ಕಿಟಕಿಯ ನೀರಿನ ತೊಟ್ಟಿ ಕಟ್ಟಿ ಗುಳ್ಳೆಗಳನ್ನು ಕಣ್ಣಾರೆ ನೋಡಿದ, ಒಂದು ಶಾಫ್ಟಿನ ಬದಲು ಮೂರು, ಒಂದೊಂದರ ಮೇಲೂ ಮೂರು ಪ್ರೊಪೆಲ್ಲರ್ ಇಟ್ಟು ಹೊರೆ ಹಂಚಿದ. ಹಡಗು 34 ನಾಟ್, ಅಂದರೆ ಗಂಟೆಗೆ ಸುಮಾರು 63 ಕಿಲೋಮೀಟರ್ ದಾಟಿತು.

ನಿಮ್ಮ ದೋಣಿಗೆ ಒಂಬತ್ತು ಪ್ರೊಪೆಲ್ಲರ್ ಬೇಡ, ಎಂಜಿನ್ನಿನ ಎತ್ತರ ಸರಿಯಿದ್ದರೆ ಸಾಕು. ಪ್ರೊಪೆಲ್ಲರ್‌ನ ಮೇಲಿರುವ ಅಡ್ಡ ತಟ್ಟೆ ದೋಣಿಯ ತಳದ ಮಟ್ಟಕ್ಕೆ ಅಥವಾ ಒಂದು ಇಂಚಿನಷ್ಟು ಮೇಲಿರಲಿ. ಕೆಳಗಿದ್ದರೆ ನೀರಿನ ತಡೆ, ತೀರಾ ಮೇಲಿದ್ದರೆ ಗಾಳಿ. ರೆಕ್ಕೆಯ ಮುಂದಿನ ಅಂಚಿನಲ್ಲಿ ಕಚ್ಚು ಬಿದ್ದಿದ್ದರೂ ವೇಗ ಹೋಗುತ್ತದೆ. ಎಂಜಿನ್ ಮಾತ್ರ ಏರಿ ದೋಣಿ ಏಳದಿದ್ದರೆ ಹಬ್ ಒಳಗೆ ಪ್ರೊಪೆಲ್ಲರನ್ನು ಶಾಫ್ಟಿಗೆ ಹಿಡಿದಿಡುವ ರಬ್ಬರ್ ಬುಷ್ ಜಾರುತ್ತಿರಬಹುದು. ಒಳ ತೋಳಿನಿಂದ ಹೊರ ಹಬ್‌ವರೆಗೆ ಒಂದು ಗೆರೆ ಎಳೆದು ಓಡಿಸಿ ಬನ್ನಿ, ಗೆರೆ ಮುರಿದಿದ್ದರೆ ಬುಷ್ ಬದಲಿಸಿ.

ಹೊಸದನ್ನು ಹಾಕುವ ಮುನ್ನ ಎಂಜಿನ್ ನ್ಯೂಟ್ರಲ್‌ನಲ್ಲಿರಲಿ, ಕೀ ಮತ್ತು ಕಿಲ್ ಸ್ವಿಚ್ಚಿನ (ಎಳೆದರೆ ಎಂಜಿನ್ ನಿಲ್ಲಿಸುವ ಸ್ವಿಚ್) ದಾರ ಕೈಯಲ್ಲಿರಲಿ. ಮರದ ತುಂಡನ್ನು ರೆಕ್ಕೆಗೂ ಅಡ್ಡ ತಟ್ಟೆಗೂ ನಡುವೆ ಸಿಕ್ಕಿಸಿ, ನಟ್ ಸಡಿಲವಾಗದಂತೆ ತಡೆಯುವ ಕಾಟರ್ ಪಿನ್ ನೇರ ಮಾಡಿ ಎಳೆದು ನಟ್ ಬಿಚ್ಚಿ. ಪ್ರೊಪೆಲ್ಲರ್ ಹೊರಬಂದೊಡನೆ ಶಾಫ್ಟಿನ ಮೇಲೆ ಅದರ ಮುಂದಿರುವ ಥ್ರಸ್ಟ್ ವಾಷರ್ ಹಿಂದೆ ಬೆರಳಾಡಿಸಿ ನೋಡಿ. ಮೀನಿನ ಗಾಳದ ದಾರ ಅಲ್ಲಿ ಸುತ್ತಿಕೊಂಡು ಸೀಲ್ ಕತ್ತರಿಸುತ್ತದೆ, ಗೇರ್ ಪೆಟ್ಟಿಗೆಗೆ ನೀರು ಹೊಕ್ಕು ಎಣ್ಣೆ ಹಾಲಿನಂತೆ ಬೆಳ್ಳಗಾಗುತ್ತದೆ. ಶಾಫ್ಟಿನ ಹಲ್ಲುಗೆರೆಗಳಾದ ಸ್ಪ್ಲೈನ್‌ಗೆ ಮರೈನ್ ಗ್ರೀಸ್ ಹಚ್ಚಿ, ವಾಷರ್‌ನ ಇಳಿಜಾರು ಬದಿಯನ್ನು ಶಾಫ್ಟಿನ ಇಳಿಜಾರಿಗೆ ಹೊಂದಿಸಿ ಕೂರಿಸಿ, ಕೈಪಿಡಿ ಹೇಳಿದಷ್ಟು ನಟ್ ಬಿಗಿ ಮಾಡಿ ಹೊಸ ಕಾಟರ್ ಪಿನ್ ಹಾಕಿ. ಹಳೆಯ ಪಿನ್ನನ್ನು ಮತ್ತೆ ಬಾಗಿಸಿದರೆ ಒಂದು ದಿನ ನೀರಿನ ನಡುವೆ ಮುರಿದು, ನಟ್ ಸಡಿಲಗೊಂಡು, ಪ್ರೊಪೆಲ್ಲರ್ ತಳ ಸೇರಿದರೂ ಸೇರಬಹುದು.